ಅನುಷ್ಟುಪ್ಪಿನಲ್ಲಿ ಎಕ್ಸ್ ಅಕ್ಷರ

ಇಂಗ್ಲಿಷ್ ಭಾಷೆಗೆ ಇಪ್ಪತ್ತಾರು ಅಕ್ಷರಗಳು. ಅವುಗಳಲ್ಲಿ ಇಪ್ಪತ್ತೈದನ್ನು ನಾನು ಲೋಕದ ಉಳಿದವರಂತೆಯೇ, ಅಂಗಡಿಯ ಹಲಗೆಗಳಿಂದಲೂ ಅಂಚೆಯ ಮುದ್ರೆಗಳಿಂದಲೂ, ಚೂರುಪಾರು ಕಲಿತುಕೊಂಡೆ. ಉಳಿದ ಒಂದನ್ನು ಮಾತ್ರ ಪ್ರಾತಃಸ್ನಾನ ಮಾಡಿ, ಮಡಿಯುಟ್ಟು, ಪೂರ್ವಾಭಿಮುಖನಾಗಿ ಕುಳಿತು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದೆ. ಅದು ಎಕ್ಸ್ ಎಂಬ ಅಕ್ಷರ. ಎರಡು ಕಡ್ಡಿಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟಂತಿರುವ ಆ ಆಕೃತಿಯನ್ನು ಎಲ್ಲಿ ಕಂಡರೂ ಇಂದಿಗೂ ನನ್ನ ತುಟಿಗಳು ತಾವಾಗಿಯೇ ಅಲುಗತೊಡಗುತ್ತವೆ.

ಅದು ಮೂವತ್ತರ ದಶಕದ ಮೊದಲ ವರ್ಷಗಳ ಮಾತು. ಗೋಕರ್ಣದ ಒಂದು ಪಾಠಶಾಲೆಯಲ್ಲಿ ಒಂಬತ್ತು ವರ್ಷ ಸಂಸ್ಕೃತಾಧ್ಯಯನ ಮುಗಿಸಿ ನಾನು ಅಂಕೋಲೆಯ ಮನೆಗೆ ಹಿಂದಿರುಗಿದ್ದೆ. ವಯಸ್ಸು ಇಪ್ಪತ್ಮೂರು. ಮನೆಯಲ್ಲಿ ತಾಯಿ, ಅಣ್ಣ. ತಂದೆಯವರು ದೈವಾಧೀನರಾಗಿ ಬಹಳ ವರ್ಷಗಳಾಗಿದ್ದವು. ನಾನು ಕಲಿತ ವಿದ್ಯೆಯ ಬಗ್ಗೆ ಅಣ್ಣನಿಗೆ ಗೌರವವಿತ್ತು. ಆದರೆ ಆ ವಿದ್ಯೆಯನ್ನು ಅಂಕೋಲೆಯಲ್ಲಿ ಎಲ್ಲಿ ಇಡಬೇಕೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಮುಂಬಯಿಯಲ್ಲಿ ನಮ್ಮ ದೂರದ ಸಂಬಂಧಿಯೊಬ್ಬರು ಖಾನಾವಳಿ ನಡೆಸುತ್ತಿದ್ದರು. ಅವರಿಂದ ಕಾಗದ ಬಂದಿತ್ತು.

"ಅಲ್ಲಿ ಕಾಯಿ ಹೆರೂಕೆ ಒಬ್ಬ ಬೇಕು ಅಂತ ಬರ್ದಿದ್ರು," ಎಂದು ಅಣ್ಣ ಒಂದು ದಿನ ಊಟದ ನಡುವೆ ಹೇಳಿದ. "ನೀ ಕೂತು ಶ್ಲೋಕ ಹೇಳ್ತಾ ಹೆರಿ. ಯಾರೂ ಬೇಡ ಹೇಳೂದಿಲ್ಲ. ಚೌತಿಯೊಳಗೆ ಇಲ್ಲೇ ಏನಾದ್ರೂ ಸಿಕ್ರೆ ಸಿಕ್ತು. ಇಲ್ಲದಿದ್ರೆ ಮುಂಬಯಿಗೆ ಆಗಬೋಟು ಹತ್ತು."

ತಾಯಿ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಆ ಸಮಯಕ್ಕೆ ಸರಿಯಾಗಿ, ಕುಲದೇವರ ಕೃಪೆಯೋ ಎಂಬಂತೆ, ಕಾರವಾರದ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತ ಅಧ್ಯಾಪಕನ ಜಾಗ ತೆರವಾಯಿತು. ಅರ್ಜಿ ಹಾಕಿದೆ. ಬಂದು ಕಾಣತಕ್ಕದ್ದೆಂದು ಉತ್ತರವೂ ಬಂತು. ಆ ಉತ್ತರ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿಸಿಕೊಳ್ಳಲು ನಾನು ನಮ್ಮ ಕೇರಿಯ ಕಾರಕೂನರ ಮನೆಗೆ ಹೋದೆ. ಅವರು ಮಾಮಲೇದಾರ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರಲ್ಲಿ ಒಂದು ಇಂಗ್ಲಿಷ್ ಶಬ್ದಕೋಶವಿತ್ತು. ಅದನ್ನು ಅವರು ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡಿದ್ದರು.

ಕಾಗದ ಓದಿ ಅವರು ಕನ್ನಡಕ ತೆಗೆದರು. "ತಮಾ, ಸಂಸ್ಕೃತದ್ದು ಬಿಡು, ಅಲ್ಲಿ ನಿನ್ನ ಪರೀಕ್ಷೆ ಮಾಡುವಷ್ಟು ಕಲ್ತವ್ರು ಯಾರೂ ಇಲ್ಲ. ಅಲ್ಲಿ ಹೆಡ್‌ಮಾಸ್ತರನಿಗೆ ಒಂದು ಹುಚ್ಚು ಅದೆ."

"ಯಾವ ಹುಚ್ಚು ರಾಯರೇ?"

"ಮುಂಬಯಿಯ ಪೇಪರಿನಲ್ಲಿ ಚೌಕ ಚೌಕ ಹಾಕಿ ಪದಬಂಧ ಅಂತ ಬರ್ತದಲ್ಲ, ಅದು. ಮನುಷ್ಯ ಊಟಕ್ಕೆ ಕೂತ್ರೂ ಅದೇ. ಹೋದ ವರ್ಷ ನಮ್ಮ ಭಾವನ ಮಗ ಡ್ರಾಯಿಂಗ್ ಮಾಸ್ತರಿಕೆಗೆ ಹೋಗಿದ್ದ. ಚಿತ್ರ ಬರಿ ಅಂತ ಹೇಳಲೇ ಇಲ್ಲ. ಎಕ್ಸ್ ಇರುವ ಸಣ್ಣ ಶಬ್ದ ಹೇಳಿ ಅರ್ಥ ಕೇಳಿದ. ಇವನು ಬಾಯಿ ಬಿಟ್ಕೊಂಡು ಕೂತ. ಪೆನ್ಸಿಲ್ ಹಿಡ್ಕೊಂಡು ಮನೆಗೆ ಬಂದ."

"ಎಕ್ಸ್ ಒಂದೇ ಏಕೆ?"

"ಅದು ಇರುವ ಶಬ್ದ ಕಡಿಮೆ. ಅವನಿಗೆ ಯಾವಾಗಲೂ ಅಲ್ಲೇ ತೊಡಕು. ದೇಶವೆಲ್ಲಾ ತನ್ನ ಹಾಗೇ ತೊಡಕಲಿ ಅಂತ ಅವನ ಆಸೆ."

ಹೀಗೆ ನನ್ನ ಭವಿಷ್ಯವು ಒಂದು ಅಕ್ಷರದಲ್ಲಿ ಬಂದು ನಿಂತಿತು. ಒಂದು ಅಕ್ಷರ ತಾನೇ ಎಂದು ನನಗೆ ಧೈರ್ಯವೂ ಬಂತು. ಒಂಬತ್ತು ವರ್ಷಗಳಲ್ಲಿ ಸಾವಿರಾರು ಶಬ್ದಗಳನ್ನು ಅವುಗಳ ಪರ್ಯಾಯಗಳ ಸಮೇತ ಬಾಯಿಪಾಠ ಮಾಡಿದವನಿಗೆ ಇದೇನು ದೊಡ್ಡದು?

ನಮ್ಮ ಪಾಠಶಾಲೆಯ ಬಾಯಿಪಾಠದ ಕ್ರಮವನ್ನು ಇಲ್ಲಿ ಹೇಳಬೇಕು. ಗುರುಗಳು ಒಮ್ಮೆ ಹೇಳುವರು, ನಾವು ಎರಡು ಸಲ ಹೇಳುವೆವು. ಹೀಗೆ ಶ್ಲೋಕದ ಮೇಲೆ ಶ್ಲೋಕ ಪೋಣಿಸುತ್ತ ಹೋಗುವುದು. ನಡುವೆ ಯಾರಾದರೂ ಕೆಮ್ಮಿದರೆ, ಮಾತಾಡಿಸಿದರೆ, ನಾಲಗೆ ಜಾರಿದರೆ, ಆ ಅಧ್ಯಾಯದ ಮೊದಲ ಶ್ಲೋಕಕ್ಕೆ ಹಿಂದಿರುಗಬೇಕು. ಇದು ಕಟ್ಟುನಿಟ್ಟು. ಈ ಕ್ರಮದಲ್ಲಿ ಕಲಿತದ್ದು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಬಾವಿಯೊಳಗಿನ ಕೊಡದಂತೆ, ಹಗ್ಗವನ್ನು ಮೊದಲಿನಿಂದ ಎಳೆದಲ್ಲದೆ ಮೇಲೆ ಬರುವುದೂ ಇಲ್ಲ. ಈ ಎರಡನೆಯ ಗುಣವನ್ನು ನಾನು ಆಗ ಯೋಚಿಸಿರಲಿಲ್ಲ. ಪಾಠಶಾಲೆಯಲ್ಲಿ ಎಲ್ಲರಿಗೂ ಸಮಯವಿತ್ತು.

ಮರುದಿನ ಬೆಳಗ್ಗೆ ಕಾರಕೂನರು ಕೆಂಪು ಬಟ್ಟೆ ಬಿಚ್ಚಿದರು. ನಾನು ಎದುರಿಗೆ ಕುಳಿತೆ. ಪ್ರಾಚೀನರ ಶಬ್ದಕೋಶಗಳು ಸ್ವರ್ಗದಿಂದ ಆರಂಭವಾಗಿ ಭೂಮಿಗೆ ಇಳಿಯುತ್ತವೆ. ನನ್ನದೂ ಹಾಗೆಯೇ ಇರಬೇಕೆಂದು ನಿಶ್ಚಯಿಸಿದ್ದೆ.

"ಈ ಅಕ್ಷರವುಳ್ಳ ಶಬ್ದಗಳಲ್ಲಿ ಸ್ವರ್ಗಕ್ಕೆ ಸಂಬಂಧಪಟ್ಟದ್ದು ಯಾವುದಿದೆ ರಾಯರೇ?"

ಅವರು ಬಹಳ ಹೊತ್ತು ಹಾಳೆ ತಿರುವಿದರು. "ಸಣ್ಣದರಲ್ಲಿ ಯಾವುದೂ ಕಾಣೂದಿಲ್ಲ."

"ದೇವತೆಗಳಿಗೆ?"

"ಇಲ್ಲ."

"ದಿಕ್ಕುಗಳಿಗೆ? ನಕ್ಷತ್ರಗಳಿಗೆ?"

"ನೀ ಶಬ್ದ ಹುಡುಕ್ತಿದ್ಯೋ, ಮುಹೂರ್ತ ಇಡ್ತಿದ್ಯೋ?" ಎಂದು ಅವರು ಗದರಿದರು. "ಇದ್ದದ್ದು ಎತ್ತು, ನರಿ, ಪೆಟ್ಟಿಗೆ, ಮೇಣ. ಬೇಕಾದ್ರೆ ತಕೋ."

ಎತ್ತು ಎಂದೊಡನೆ ನನ್ನ ಮನಸ್ಸು ಪ್ರಸನ್ನವಾಯಿತು. ಮಹಾಬಲೇಶ್ವರನ ಸನ್ನಿಧಿಯಲ್ಲಿ ಒಂಬತ್ತು ವರ್ಷ ಕಳೆದವನಿಗೆ ನಂದಿಗಿಂತ ಮಿಗಿಲಾದ ಮಂಗಲಾಚರಣೆ ಯಾವುದು? ಸ್ವರ್ಗವಿಲ್ಲದಿದ್ದರೂ ಸ್ವರ್ಗದ ಬಾಗಿಲು ಕಾಯುವವನು ಸಿಕ್ಕನು. ಅಂದೇ ಮೊದಲ ಶ್ಲೋಕ ಸಿದ್ಧವಾಯಿತು:

ಆಕ್ಸೋ ವೃಷಭ ಇತ್ಯುಕ್ತಃ ಫಾಕ್ಸೋ ಜಂಬುಕ ಉಚ್ಯತೇ |
ಬಾಕ್ಸಸ್ತು ಪೇಟಿಕಾ ಪ್ರೋಕ್ತಾ ವ್ಯಾಕ್ಸಂ ಸಿಕ್ಥಂ ಮಧೂದ್ಭವಮ್ ||

ಆಕ್ಸ್ ಎಂದರೆ ಎತ್ತು, ಫಾಕ್ಸ್ ಎಂದರೆ ನರಿ, ಬಾಕ್ಸ್ ಎಂದರೆ ಪೆಟ್ಟಿಗೆ, ವ್ಯಾಕ್ಸ್ ಎಂದರೆ ಜೇನಿನಿಂದ ಹುಟ್ಟಿದ ಮೇಣ. ಆಂಗ್ಲರ ನಾಲ್ಕು ಶಬ್ದಗಳು ಮೂವತ್ತೆರಡು ಅಕ್ಷರಗಳ ಅನುಷ್ಟುಪ್ಪಿನಲ್ಲಿ ಒಂದು ಮಾತ್ರೆಯೂ ತಪ್ಪದೆ ಕುಳಿತದ್ದನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ಕಾರಕೂನರಿಗೂ ಸಂತೋಷವಾಯಿತು. "ಮೂವತ್ತು ವರ್ಷ ಈ ಭಾಷೆಯಲ್ಲಿ ಬೈಸಿಕೊಂಡೆ," ಎಂದರು, "ಹಾಡೂಕೆ ಬರ್ತದೆ ಅಂತ ಗೊತ್ತಿರಲಿಲ್ಲ."

ದಿನಕ್ಕೊಂದರಂತೆ ಶ್ಲೋಕಗಳು ಬೆಳೆದವು. ಕೊಡಲಿ ಬಂತು, ಆರು ಎಂಬ ಸಂಖ್ಯೆ ಬಂತು. ತೆರಿಗೆ ಎಂಬರ್ಥದ ಒಂದು ಶಬ್ದವೂ ಈ ಅಕ್ಷರದಿಂದ ಮುಗಿಯುತ್ತದೆ. ಅದನ್ನು ಮಾತ್ರ ಕಾರಕೂನರು ಬಾಯಿಂದ ಹೊರಡಿಸಲಿಲ್ಲ; ಬೆರಳಿಟ್ಟು ತೋರಿಸಿ ಪುಸ್ತಕ ಮುಚ್ಚಿದರು. ಊರಲ್ಲಿ ಅದು ಕರನಿರಾಕರಣೆಯ ಕಾಲ. "ಈ ವರ್ಷ ಅಂಕೋಲೆಯಲ್ಲಿ ಅದನ್ನ ಗಟ್ಟಿಯಾಗಿ ಹೇಳೂಕಾಗ ತಮಾ. ಕೊಡ್ತೇನೆ ಅಂದ್ರೆ ಊರವ್ರು ಹಿಡೀತಾರೆ, ಕೊಡೂದಿಲ್ಲ ಅಂದ್ರೆ ಪೋಲೀಸರು ಹಿಡೀತಾರೆ. ಶ್ಲೋಕದಲ್ಲಿ ಹೇಳಿದವನನ್ನ ಇಬ್ಬರೂ ಹಿಡೀತಾರೆ." ಆ ಶಬ್ದವನ್ನು ಕೈಬಿಟ್ಟೆ.

ಐದನೆಯ ಶ್ಲೋಕದಲ್ಲಿ ಬೇರೆ ಬಗೆಯ ಸಂಕಟ ಬಂತು. ಪಾಕ್ಸ್ ಎಂಬುದೊಂದು ಶಬ್ದ. ಮೈಮೇಲೆ ಏಳುವ ಸಿಡುಬು ಎಂದರ್ಥ. ನಾನು ದೇವರ ಮುಂದೆ ಕುಳಿತು ಅದನ್ನು ಹೇಳುತ್ತಿದ್ದಾಗ ತಾಯಿ ಒಳಗಿನಿಂದ ಓಡಿ ಬಂದರು. ಅರ್ಥ ಕೇಳಿ ತಿಳಿದುಕೊಂಡರು.

"ಆ ಅಮ್ಮನ ಹೆಸರು ಯಾವ ಭಾಷೆಲಿ ಹೇಳಿದ್ರೂ ಅವಳಿಗೆ ಕೇಳ್ತದೆ," ಎಂದರು. "ಮನೆಯೊಳಗೆ ಕೂತು ಕರೀಬೇಡ. ಕರೆದ್ರೆ ಬರ್ತಾಳೆ."

"ಆಯಿ, ಇದು ಬರೇ ಶಬ್ದ. ಪರೀಕ್ಷೆಗೆ ಬೇಕು."

"ಬೇಕಾದ್ರೆ ಅಂಗಳಕ್ಕೆ ಇಳಿದು ಹೇಳು. ಹೇಳಿ ಕಾಲು ತೊಳ್ಕೊಂಡು ಒಳಗೆ ಬಾ."

ಮಾತೃವಾಕ್ಯ. ಅಂದಿನಿಂದ ಪ್ರತಿದಿನ ಐದನೆಯ ಶ್ಲೋಕದ ಎರಡನೆಯ ಪಾದ ಬಂದೊಡನೆ ನಾನು ಏಳುವೆನು. ಅಂಗಳಕ್ಕೆ ಇಳಿದು ಆ ಶಬ್ದವನ್ನು ಅರ್ಥಸಹಿತ ಉಚ್ಚರಿಸುವೆನು. ತಾಯಿ ತಂಬಿಗೆಯಿಂದ ನೀರು ಹಾಕುವರು. ಕಾಲು ತೊಳೆದು ಒಳಗೆ ಬಂದು ಮೂರನೆಯ ಪಾದದಿಂದ ಮುಂದುವರಿಸುವೆನು. ಇಪ್ಪತ್ತು ದಿನ ಹೀಗೆ ನಡೆಯಿತು. ಇಪ್ಪತ್ತು ದಿನಗಳಲ್ಲಿ ನಾಲಗೆಯ ಜೊತೆಗೆ ಕಾಲುಗಳಿಗೂ ಶ್ಲೋಕ ಬಾಯಿಪಾಠವಾಯಿತು.

ಕೊನೆಯಲ್ಲಿ, ರೂಢಿಯಂತೆ, ಫಲಶ್ರುತಿಯನ್ನೂ ರಚಿಸಿದೆ. ಬೆಳಗ್ಗೆ ಎದ್ದು ಇದನ್ನು ಪಠಿಸುವವನಿಗೆ ಆಂಗ್ಲಭಯವಿಲ್ಲ ಎಂದು ಅದರ ತಾತ್ಪರ್ಯ. ಕಾರಕೂನರು ಅದನ್ನು ಕೇಳಿ ಬಾಗಿಲ ಕಡೆ ನೋಡಿ, "ಇದೊಂದನ್ನ ಮನಸ್ಸಿನಲ್ಲೇ ಹೇಳಿಕೋ," ಎಂದರು. ಹೀಗೆ ಹನ್ನೊಂದು ಶ್ಲೋಕಗಳಲ್ಲಿ ನನ್ನ ಇಂಗ್ಲಿಷ್ ಪೂರ್ಣವಾಯಿತು.

ಕಾರವಾರಕ್ಕೆ ಹೊರಡುವ ದಿನ ಬಂತು. ನಮ್ಮ ಗದ್ದೆಯ ನೆರೆಯಲ್ಲಿ ಸಾಗುವಳಿ ಮಾಡುತ್ತಿದ್ದ ಒಬ್ಬ ಗೌಡ ಕಾರವಾರದಾಚೆಯ ಶಿರವಾಡದಲ್ಲಿ ಕೊಟ್ಟಿದ್ದ ಮಗಳ ಮನೆಗೆ ಅಕ್ಕಿ ಮುಡಿ ತೆಗೆದುಕೊಂಡು ಗಾಡಿ ಹೂಡುವವನಿದ್ದ. ಐವತ್ತು ದಾಟಿದ, ಎಲುಬು ಗಟ್ಟಿಯಾದ ಮನುಷ್ಯ. ಅವನ ಗಾಡಿಯಲ್ಲಿ ನನಗೂ ಜಾಗ ಸಿಕ್ಕಿತು. ಸೂರ್ಯೋದಯಕ್ಕೆ ಹೊರಟೆವು. ಗಾಡಿ ಊರ ಗಡಿ ದಾಟುತ್ತಲೇ ನಾನು ಕಣ್ಣು ಮುಚ್ಚಿ ಪಠಣ ಆರಂಭಿಸಿದೆ.

ಗೌಡ ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈ ಮುಗಿದು ಕುಳಿತ. ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ಇದು ಯಾವ ದೇವ್ರದ್ರಾ ಭಟ್ರೇ?"

"ದೇವರದಲ್ಲ. ಇಂಗ್ಲಿಷ್."

ಅವನು ಕೈ ಬಿಡಿಸಿ ಹಗ್ಗ ಹಿಡಿದುಕೊಂಡ. "ಮೊದ್ಲೇ ಹೇಳೂದಲ್ವೇನ್ರಾ. ಒಂದು ಮೈಲು ಕೈ ಮುಗಿದೆ."

ನಾನು ಮೊದಲಿನಿಂದ ಆರಂಭಿಸಿದೆ. ಅವನಿಗಾಗಿ ಪ್ರತಿ ಶ್ಲೋಕದ ಅರ್ಥವನ್ನೂ ಕನ್ನಡದಲ್ಲಿ ಸೇರಿಸಿಕೊಂಡೆ. ನಡುವೆ ಅವನು, "ಹಂಗಾರೆ ಎತ್ತಿಗೆ ಎಂತ ಅಂತಾರ್ರಾ?" ಎಂದ. ಹೇಳಿದೆ. ಮತ್ತೆ ಮೊದಲಿನಿಂದ ಆರಂಭಿಸಿದೆ. "ಕೊಡ್ಲಿಗೆ?" ಎಂದ. ಮೊದಲಿನಿಂದ ಪಠಿಸುತ್ತ ಕೊಡಲಿಯವರೆಗೆ ಹೋಗಿ ಹೇಳಿದೆ. ಮತ್ತೆ ಮೊದಲಿನಿಂದ. ನಾಲ್ಕಾರು ಸಲ ಹೀಗಾದ ಮೇಲೆ ಅವನಿಗೆ ಹೊಳೆಯಿತು.

"ಭಟ್ರೇ, ನಾ ಬಾಯಿ ತೆಗೆದ್ರೆ ನೀವು ಮತ್ತೆ ಎತ್ತಿನಿಂದ ಹೊರಡ್ತ್ರಿ, ಹೌದಾ?"

"ಅದು ಕ್ರಮ."

"ಆಯ್ತು. ನಾ ಇನ್ನು ಮಾತಾಡೂದಿಲ್ಲ. ನೀವು ಮುಂದೆ ಹೋಗಿ. ಆ ನರಿ ಪೆಟ್ಟಿಗೆ ಕೇಳಿ ಕೇಳಿ ನನ್ನ ಕಿವಿ ತೂತಾಯ್ತು."

ಆದರೆ ಐದನೆಯ ಶ್ಲೋಕದಲ್ಲಿ ನಾನು ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದಾಗ ಅವನು ತಡೆಯಲಾರದೆ ಕೇಳಿದ; ಕಾರಣ ತಿಳಿಸಿದೆ. ಅದನ್ನು ಮಾತ್ರ ಅವನು ನಗದೆ ಒಪ್ಪಿದ. "ಅದು ಬರೋಬ್ಬರಿ," ಎಂದು ತಾನೇ ಸೋರೆಬುರುಡೆಯಿಂದ ನನ್ನ ಕಾಲಿಗೆ ನೀರು ಹಾಕಿದ. ಚೆಂಡಿಯಾ ದಾಟುವ ಹೊತ್ತಿಗೆ ಅವನು ಎತ್ತುಗಳನ್ನು ಇಂಗ್ಲಿಷಿನಲ್ಲಿಯೇ ಗದರಿಸುತ್ತಿದ್ದ. ಆ ಸಂಜೆ ಅರ್ಗಾದಲ್ಲಿ ಅವನ ನೆಂಟರ ಅಂಗಳದಲ್ಲಿ ಇಳಿದುಕೊಂಡೆವು. ನಾನು ಕೆರೆಯಲ್ಲಿ ಮಿಂದು ಸಂಧ್ಯಾವಂದನೆ ಮುಗಿಸಿ ಹಿಂದಿರುಗಿದಾಗ ಅವನು ಆ ಮನೆಯ ಹೆಂಗಸರಿಗೆಲ್ಲ ಪೆಟ್ಟಿಗೆ, ಕೊಡಲಿ, ಮೇಣಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಅವುಗಳ ವಿಲಾಯತಿ ಹೆಸರು ಹೇಳುತ್ತಿದ್ದ. ನನಗೆ ಸ್ವಲ್ಪ ಬೇಸರವಾಯಿತು. ಶ್ಲೋಕವನ್ನು ಹೀಗೆ ಮುರಿದು ಮುರಿದು ಹಂಚುವುದು ವಿದ್ಯೆಗೆ ಅವಮರ್ಯಾದೆ ಎಂದು ತೋರಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ನಾವು ಶಾಲೆಯ ಮುಂದಿದ್ದೆವು. ಅರ್ಧ ಗಂಟೆಯಲ್ಲಿ ಬರುವೆನೆಂದು ಗೌಡನಿಗೆ ಹೇಳಿದೆ. ಅವನು ಎತ್ತುಗಳನ್ನು ಬಿಚ್ಚಿ ಕಟ್ಟಿ, ಒಳಗಿನ ಮಾತು ಕೇಳಿಸುವಷ್ಟು ಬಾಗಿಲ ಹತ್ತಿರ, ಶಾಲೆಯ ಜಗಲಿಯ ಕಂಬಕ್ಕೆ ಒರಗಿ ಕುಳಿತ.

ಒಳಗೆ ಮೂವರಿದ್ದರು. ಹೆಡ್‌ಮಾಸ್ತರರು ತೆಳ್ಳಗಿನವರು, ಮನೆಮಾತು ಕೊಂಕಣಿ. ಮೇಜಿನ ಮೇಲೆ ಮಡಿಸಿದ ಪೇಪರು, ಅದರಲ್ಲಿ ಅರ್ಧ ತುಂಬಿದ ಚೌಕಗಳು. ಪಕ್ಕದಲ್ಲಿ ಶಾಲಾ ಸಮಿತಿಯ ಅಧ್ಯಕ್ಷರಾದ ವಕೀಲರು. ಹನ್ನೊಂದಕ್ಕೆ ಕೋರ್ಟಿಗೆ ಹೋಗಬೇಕಾದವರು, ಕೈಯಲ್ಲಿ ಗಡಿಯಾರ. ಮೂರನೆಯವರು ಒಬ್ಬ ಡಾಕ್ಟರು. ಸಂಸ್ಕೃತದ ಪರೀಕ್ಷೆ ಕಾರಕೂನರು ಹೇಳಿದಂತೆಯೇ ಬೇಗ ಮುಗಿಯಿತು. ಒಂದು ಸ್ತೋತ್ರ ಹೇಳಿಸಿದರು, ತಲೆದೂಗಿದರು. ಅನಂತರ ಹೆಡ್‌ಮಾಸ್ತರರು ಪೇಪರಿನ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿದರು.

"ಭಟ್ಟರೇ, ಇಲ್ಲಿ ನೋಟೀಸು, ರಿಜಿಸ್ಟರು ಎಲ್ಲಾ ಇಂಗ್ಲಿಷು. ಸಣ್ಣ ಶಬ್ದ ಆದರೂ ಗೊತ್ತಿರಬೇಕು. ಒಂದು ಕೇಳ್ತೇನೆ. ಮಿಕ್ಸ್. ಅರ್ಥ?"

ನನ್ನ ಹೃದಯ ಹಿಗ್ಗಿತು. ಅದು ಆರನೆಯ ಶ್ಲೋಕದ ಎರಡನೆಯ ಪಾದದಲ್ಲಿತ್ತು. ಕಣ್ಣು ಮುಚ್ಚಿ, ಕೈ ಮುಗಿದು, ನಂದಿಯನ್ನು ಸ್ಮರಿಸಿ ಆರಂಭಿಸಿದೆ: "ಆಕ್ಸೋ ವೃಷಭ ಇತ್ಯುಕ್ತಃ..."

"ಅಲ್ಲ ಅಲ್ಲ," ಎಂದರು ಹೆಡ್‌ಮಾಸ್ತರರು. "ಆಕ್ಸ್ ಕೇಳಲಿಲ್ಲ. ಮಿಕ್ಸ್."

ತಡೆ ಬಂತು. ಮೊದಲಿನಿಂದ ಆರಂಭಿಸಿದೆ. ಎರಡನೆಯ ಶ್ಲೋಕದವರೆಗೆ ಹೋದೆ.

"ಪುರೋ, ಪುರೋ! ಸಾಕು!" ಅವರು ಮೇಜು ತಟ್ಟಿದರು. "ಬರೇ ಅದೊಂದೇ ಅರ್ಥ ಹೇಳಿ."

ನಾನು ಮೊದಲಿನಿಂದ ಆರಂಭಿಸಿದೆ.

"ಇವರಿಗೆ ಏನಾಗಿದೆ ಡಾಕ್ಟರೇ?" ಎಂದು ವಕೀಲರು ಕೇಳಿದರು.

"ಜ್ವರ ಇಲ್ಲ," ಎಂದರು ಡಾಕ್ಟರು, ನನ್ನ ಮುಖವನ್ನೇ ನೋಡುತ್ತ. "ಬಿಡಿ. ಮುಗಿಸಲಿ. ತಡೆದರೆ ಹೆಚ್ಚಾಗ್ತದೆ."

ಡಾಕ್ಟರ ಉಪಕಾರವನ್ನು ನಾನು ಮರೆಯಲಾರೆ. ಮೂವರೂ ಸುಮ್ಮನಾದರು. ಒಂದು, ಎರಡು, ಮೂರು, ನಾಲ್ಕು ಶ್ಲೋಕಗಳು ನಿರ್ವಿಘ್ನವಾಗಿ ಹರಿದವು. ಹೆಡ್‌ಮಾಸ್ತರರ ಹುಬ್ಬು ಮೆಲ್ಲನೆ ಮೇಲೇರುತ್ತಿತ್ತು. ಒಂದು ಸಲ ಅವರು ಪೆನ್ಸಿಲನ್ನೂ ಎತ್ತಿಕೊಂಡರು. ಐದನೆಯ ಶ್ಲೋಕದ ಮೊದಲ ಪಾದ ಬಂತು. ಎರಡನೆಯ ಪಾದ ಬಂತು.

ನಾನು ಎದ್ದೆ.

ಈಗ ಯೋಚಿಸಿದರೆ ಕುರ್ಚಿಯಲ್ಲಿಯೇ ಕುಳಿತು ಹೇಳಿಬಿಡಬಹುದಿತ್ತು. ಆದರೆ ಅದು ವಿದ್ಯಾಮಂದಿರ, ಪಕ್ಕದ ಕೋಣೆಯಲ್ಲಿ ನಲವತ್ತು ಮಕ್ಕಳು. ಅಲ್ಲಿ ಆ ಅಮ್ಮನನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ. ಮೂವರನ್ನೂ ಬಿಟ್ಟು ನೆಟ್ಟಗೆ ಬಾಗಿಲು ದಾಟಿ, ಜಗಲಿಯಿಂದ ಅಂಗಳಕ್ಕೆ ಇಳಿದು, ಶಬ್ದವನ್ನೂ ಅರ್ಥವನ್ನೂ ಹೇಳಿ, ಕಾಲು ತೊಳೆಯಲು ನೀರು ಎಲ್ಲಿದೆಯೆಂದು ನೋಡಿದೆ. ಗೌಡ ಆಗಲೇ ಬುರುಡೆ ಹಿಡಿದು ಎದ್ದು ಬಂದಿದ್ದ.

ಬಾಗಿಲಲ್ಲಿ ಮೂರು ಮುಖಗಳು ಕಾಣಿಸಿಕೊಂಡವು.

"ಓಡಿ ಹೋದನೋ?" ಎಂದರು ವಕೀಲರು. ಅನಂತರ ನನ್ನನ್ನು ಕಂಡು, "ಭಟ್ಟರೇ! ಕಾಲು ಯಾಕೆ ತೊಳೀತಿದ್ದೀರಿ? ಅರ್ಥ ಎಲ್ಲಿ?" ಎಂದು ಕೂಗಿದರು.

ಮತ್ತೆ ತಡೆ. ಒದ್ದೆ ಕಾಲಿನಲ್ಲಿ, ಅಂಗಳದಲ್ಲಿಯೇ, ನಾನು ಕಣ್ಣು ಮುಚ್ಚಿದೆ. "ಆಕ್ಸೋ ವೃಷಭ..."

ವಕೀಲರು ಗಡಿಯಾರವನ್ನು ಜೇಬಿಗೆ ಸೇರಿಸಿದ ಸದ್ದು ನನಗೆ ಕೇಳಿಸಿತು. "ನನಗೆ ಕೇಸ್ ಇದೆ. ಮುಂದಿನವರನ್ನು ಕರೆಸಿ," ಎಂದು ಅವರು ಹೇಳಿದ್ದೂ ಕೇಳಿಸಿತು. ನನ್ನ ಕಣ್ಣ ಮುಂದೆ ಮುಂಬಯಿಯ ಖಾನಾವಳಿಯ ಹಿತ್ತಿಲು, ನನ್ನೆತ್ತರಕ್ಕೆ ಬಿದ್ದ ತೆಂಗಿನಕಾಯಿಗಳ ರಾಶಿ. ಆದರೂ ನಾಲಗೆ ನಿಲ್ಲಲಿಲ್ಲ. ನರಿಯನ್ನು ದಾಟಿ ಪೆಟ್ಟಿಗೆಗೆ ಬಂದಿತ್ತು.

"ಬೆರ್ಸೂದು!" ಎಂದು ಗೌಡ ಗರ್ಜಿಸಿದ. ಬಿಸಿಲು ಏರಿತ್ತು, ಅವನ ಎತ್ತುಗಳು ಹಸಿದಿದ್ದವು. "ಬೆರ್ಸೂದು ರಾ! ಮಿಕ್ಸ್ ಅಂದ್ರೆ ಬೆರ್ಸೂದು! ಎತ್ತಿನ ಅಕ್ಕಚ್ಚಿಗೆ ಹಿಂಡಿ ಬೆರ್ಸೂದಿಲ್ವಾ, ಅದು! ಈ ಭಟ್ರು ಈಗ ಎತ್ತಿನಿಂದ ಹೊರಟ್ರೆ ಅಲ್ಲಿ ಮುಟ್ಟೂಕೆ ಇನ್ನೂ ಹೊತ್ತು ಬೇಕು!"

ವಕೀಲರು ನಿಂತರು. ಹೆಡ್‌ಮಾಸ್ತರರು ಜಗಲಿಗೆ ಇಳಿದು ಬಂದರು.

"ನೀನು ಯಾರು?"

"ಗಾಡಿಯವ."

"ಇಂಗ್ಲಿಷ್ ಬರ್ತದಾ?"

"ಇದೇ ಇಂಗ್ಲಿಷ್ ಆದ್ರೆ ಬರ್ತದೆ."

ಹೆಡ್‌ಮಾಸ್ತರರ ಕಣ್ಣು ಹೊಳೆಯಿತು. "ಆ್ಯಕ್ಸ್?"

"ಕೊಡ್ಲಿ."

"ಸಿಕ್ಸ್?"

"ಆರು."

"ಫಿಕ್ಸ್?"

"ಗೂಟ ಹೊಡ್ದು ಕಟ್ಟೂದು. ಅಲ್ಲಿ ಕಟ್ಟಿದ್ದೇನೆ, ನೋಡಿ."

"ವೆಕ್ಸ್?"

ಗೌಡ ನನ್ನ ಕಡೆ ತಿರುಗಿದ. "ಕಾಡೂದು. ಇವ್ರು ನಿನ್ನೆಯಿಂದ ನಂಗೆ ಮಾಡ್ತಿದ್ದದ್ದು."

ವಕೀಲರು ಜಗಲಿಯ ಕಂಬ ಹಿಡಿದುಕೊಂಡು ನಕ್ಕರು. ಡಾಕ್ಟರರೂ ನಕ್ಕರು. ಹೆಡ್‌ಮಾಸ್ತರರು ಮಾತ್ರ ನಗಲಿಲ್ಲ.

"ನಿನಗೆ ಓದಲು ಬರೆಯಲು ಬರ್ತದಾ?"

"ಹೆಬ್ಬೆಟ್ಟು."

"ಇದನ್ನೆಲ್ಲ ಎಷ್ಟು ದಿನದಲ್ಲಿ ಕಲಿತೆ?"

"ದಿನ ಎಂತದ್ರಾ? ಚೆಂಡಿಯಾ ದಾಟೂದ್ರೊಳಗೆ ಬಂತು. ಬೇಡ ಅಂದ್ರೂ ಬಂತು."

ಹೆಡ್‌ಮಾಸ್ತರರು ವಕೀಲರ ಕಡೆ ತಿರುಗಿದರು. "ನಮ್ಮ ನಾಲ್ಕನೇ ಇಯತ್ತೆಯವರು ವರ್ಷವಿಡೀ ಉರು ಹೊಡೆದರೂ ಇಷ್ಟು ಹೇಳೋದಿಲ್ಲ ಸಾಹೇಬರೇ. ಇವರಿಗೆ ಇಂಗ್ಲಿಷ್ ಬರೋದಿಲ್ಲ, ನಿಜ. ಕಲಿಸಲು ಬರ್ತದೆ. ನಮಗೆ ಬೇಕಾದ್ದು ಮಾಸ್ತರನಲ್ಲವೇ?"

"ಆದರೆ ಹುಡುಗರು ನಡುವೆ ಪ್ರಶ್ನೆ ಕೇಳಿದರೆ?" ಎಂದರು ವಕೀಲರು. "ಇವರು ಸೃಷ್ಟಿಯ ಆದಿಯಿಂದ ಆರಂಭಿಸ್ತಾರೆ. ಗಂಟೆ ಮುಗೀತದೆ."

ಅದು ನ್ಯಾಯವಾದ ಆಕ್ಷೇಪ. ಮೂವರೂ ಒಳಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿದರು. ಕೊನೆಗೆ ನನ್ನನ್ನು ಕರೆದು ತೀರ್ಮಾನ ತಿಳಿಸಿದರು: ಕೂಡಲೇ ಕೆಲಸಕ್ಕೆ ಸೇರಬೇಕು, ಮೊದಲ ವಾರ ಪರೀಕ್ಷೆ. ಹೆಡ್‌ಮಾಸ್ತರರು ಯಾವುದಾದರೊಂದು ದಿನ ತರಗತಿಯ ಹಿಂದೆ ಬಂದು ಕೂರುವರು. ಹುಡುಗರು ತಡೆದು ಕೇಳಿದರೆ ಕೇಳಿದ್ದಕ್ಕೆ ಅಲ್ಲಿಯೇ ಉತ್ತರಿಸಿ, ಬಿಟ್ಟಲ್ಲಿಂದ ಮುಂದುವರಿಯಬೇಕು. ಒಮ್ಮೆ ಮೊದಲಿಗೆ ಹೋದರೂ ಕೆಲಸ ಹೋಯಿತು.

ಹೊರಗೆ ಬಂದು ಗೌಡನಿಗೆ ಕೈ ಮುಗಿದೆ. ಅವನು ಗಾಬರಿಯಾದ. "ಎಂತ ಮಾಡ್ತ್ರಿ ಭಟ್ರೇ, ಎತ್ತಿಗೆ ಹುಲ್ಲು ಹಾಕ್ಬೇಕು, ಹತ್ತಿ ಬೇಗ," ಎಂದ. ಶಿರವಾಡದ ದಾರಿಯಲ್ಲಿ ಅವನನ್ನು ಕೇಳಿದೆ: "ಗೌಡ, ನಿನಗೆ ಅವು ಬಿಡಿಬಿಡಿಯಾಗಿ ಹೇಗೆ ನೆನಪಾಗುತ್ತವೆ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೊಡ್ಲಿ ಬೇಕಾದ್ರೆ ಕೊಡ್ಲಿ ತಕೊಳ್ಳೂದು," ಎಂದ. "ಅದ್ಕೆ ಮನೆಯ ಸಾಮಾನೆಲ್ಲ ಹೊರಗೆ ಹಾಕ್ತಾರೇನ್ರಾ?"

ಅಣ್ಣನಿಗೆ ಕಾಗದ ಬರೆದೆ. ಉತ್ತರ ನಾಲ್ಕೇ ಸಾಲು. ವಾರ ಕಳೆಯಲಿ, ಮುಂಬಯಿಯವರಿಗೆ ನೀನು ಬರುವೆಯೆಂದೂ ಬರೆದಿಲ್ಲ, ಇಲ್ಲವೆಂದೂ ಬರೆದಿಲ್ಲ. ಊರಿನಲ್ಲಿ ಎಲ್ಲರೂ ಕೆಲಸ ಸಿಕ್ಕಿದ್ದು ನಿನಗೋ ಗೌಡನಿಗೋ ಎಂದು ಕೇಳುತ್ತಿದ್ದಾರೆ, ತಿಳಿಸುವುದು. ಗೌಡ ನನ್ನ ಕಾಗದಕ್ಕಿಂತ ಮೊದಲೇ ಊರು ಸೇರಿದ್ದ.

ಹೆಡ್‌ಮಾಸ್ತರರು ಬಂದದ್ದು ನಾಲ್ಕನೆಯ ದಿನ. ಕೊಡೆಯನ್ನು ಗೋಡೆಗೆ ಒರಗಿಸಿ ಕೊನೆಯ ಬೆಂಚಿನಲ್ಲಿ ಕುಳಿತರು. ಆ ಮೂರು ದಿನಗಳಲ್ಲಿ ಯಾವ ಹುಡುಗನೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಇಂದೂ ಕೇಳದಿರಲೆಂದು ಮನಸ್ಸಿನಲ್ಲಿಯೇ ಮಹಾಬಲೇಶ್ವರನನ್ನು ಬೇಡಿಕೊಂಡೆ. ಸ್ತುತಿಪದ್ಯವೊಂದನ್ನು ಹೇಳಿಕೊಡುತ್ತಿದ್ದೆ. ನಾನು ಒಮ್ಮೆ, ಹುಡುಗರು ಎರಡು ಸಲ. ಮೂರನೆಯ ಸಾಲಿನ ನಡುವೆ, ಕಿಟಕಿಯ ಬಳಿ ಕುಳಿತ ಹುಡುಗನೊಬ್ಬ ಎದ್ದು ನಿಂತ.

"ಮಾಸ್ತರ್ರೇ, ತರು ಅಂದ್ರೆ ಎಂತ?"

ನನ್ನ ನಾಲಗೆ ಮೊದಲ ಸಾಲಿನ ಮೊದಲ ಅಕ್ಷರಕ್ಕೆ ಆಗಲೇ ಹೋಗಿ ಕುಳಿತಿತ್ತು. ಅದನ್ನು ಹಲ್ಲಿನಿಂದ ಹಿಡಿದೆ. ಕಿಟಕಿಯ ಹೊರಗೆ ಒಂದು ಹೊನ್ನೆಯ ಮರವಿತ್ತು. ಕೈ ಚಾಚಿ ತೋರಿಸಿ, "ಅದು," ಎಂದೆ. "ಮರ."

ಹುಡುಗ ಕುಳಿತ. ತರಗತಿ ಕಾಯಿತು. ಈಗ ನಾನು ಮುಂದುವರಿಯಬೇಕಿತ್ತು. ಆದರೆ ಮುಂದೆ ಏನೂ ಇರಲಿಲ್ಲ. ಹಗ್ಗ ಕೈಬಿಟ್ಟಿತ್ತು, ಕೊಡ ಎಲ್ಲೋ ಕತ್ತಲೆಯಲ್ಲಿತ್ತು. ಒಂಬತ್ತು ವರ್ಷಗಳಲ್ಲಿ ಒಂದು ಸಲವೂ ನಾನು ಆ ಪದ್ಯವನ್ನು ಅಲ್ಲಿಂದ ಆರಂಭಿಸಿದವನಲ್ಲ. ಹಿಂದೆ ಬೆಂಚು ಕಿರುಗುಟ್ಟಿತು. ಹೆಡ್‌ಮಾಸ್ತರರು ಕೊಡೆಗೆ ಕೈ ಚಾಚುತ್ತಿದ್ದರು.

ಆಗ ಮೊದಲ ಬೆಂಚಿನ ತುದಿಯಲ್ಲಿದ್ದ ಒಬ್ಬ ಹುಡುಗ, ಎರಡು ಸಲ ಹೇಳುವುದು ತನ್ನ ಪಾಲಿನ ಕೆಲಸವೆಂದು ಭಾವಿಸಿದ್ದನೋ ಏನೋ, ನಾನು ನಿಲ್ಲಿಸಿದ್ದ ಅರ್ಧ ಸಾಲನ್ನು ತಾನಾಗಿಯೇ ಮತ್ತೊಮ್ಮೆ ಹೇಳಿದ. ಅದರ ತುದಿ ನನ್ನ ಕೈಗೆ ಸಿಕ್ಕಿತು. ಉಳಿದರ್ಧವನ್ನು ನಾನು ಹೇಳಿದೆ. ನಲವತ್ತು ಮಕ್ಕಳು ಎರಡು ಸಲ ಹೇಳಿದರು. ನಾಲ್ಕನೆಯ ಸಾಲು ಬಂತು.

ಹೆಡ್‌ಮಾಸ್ತರರು ಕೊಡೆ ಬಿಟ್ಟು ಗಂಟೆ ಮುಗಿಯುವವರೆಗೂ ಕುಳಿತರು. ಹೋಗುವಾಗ ಬಾಗಿಲಲ್ಲಿ ನಿಂತು, ಸೋಮವಾರದಿಂದ ಐದನೇ ಇಯತ್ತೆಯನ್ನೂ ನೀವೇ ತೆಗೆದುಕೊಳ್ಳಿ ಎಂದರು. ಅಂದು ಸಂಜೆಯೇ ಅಣ್ಣನಿಗೆ ಕಾಗದ ಬರೆದೆ: ಕೆಲಸ ಸಿಕ್ಕಿದ್ದು ನನಗೇ, ಮುಂಬಯಿಯವರು ಕಾಯಿ ಹೆರೆಯಲು ಬೇರೆ ಯಾರನ್ನಾದರೂ ನೋಡಿಕೊಳ್ಳುವುದು.